ಕೆಮ್ಮು, ರಕ್ತಪರೀಕ್ಷೆ ಮತ್ತು ಪ್ರತಿಜೀವಕ ಔಷಧ

ಮಳೆಗಾಲ ಹಿಂದಾಗಿ ಮಾಗಿಯ ಚಳಿ ಕಾಲಿಡುವ ದಿನಗಳಲ್ಲಿ ಕೃಷ್ಣೆಯ ಎರಡು ದಡಗಳ ಊರುಗಳಲ್ಲಿಯೂ ನೆಗಡಿ, ಕೆಮ್ಮು, ಗಂಟಲುಬೇನೆ, ಜ್ವರಗಳು ಮನೆಮನೆಗೆ ಬಂದು ಹೋಗುತ್ತವೆ. ಜೂರಾಲದ ಸುತ್ತಲಿನ ನಮ್ಮ ಶಾಲೆಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿದರೂ ಇದು ತಿಳಿಯುತ್ತದೆ. ಮಗು ಎರಡು ದಿನ ಕೆಮ್ಮಿತೆಂದರೆ ತಾಯಿಗೆ ಕಳವಳವಾಗುವುದು ಸಹಜ. ಆ ಕಳವಳದಲ್ಲಿ ಮೊದಲು ನೆನಪಾಗುವುದು ಔಷಧದ ಅಂಗಡಿ. ಅಲ್ಲಿಂದ ಮೂರು ದಿನದ ಗುಳಿಗೆ ಮನೆಗೆ ಬರುತ್ತದೆ. ಇಲ್ಲವೆ ಊರಿನಲ್ಲಿ ಸೂಜಿ ಹಾಕುವವರು ಒಂದು ಸೂಜಿ ಹಾಕಿ ಕಳುಹಿಸುತ್ತಾರೆ. ಮಗು ಗುಣವಾಗುತ್ತದೆ. ಗುಣವಾದದ್ದು ಗುಳಿಗೆಯಿಂದಲೋ, ತನ್ನಷ್ಟಕ್ಕೆ ತಾನೆಯೋ ಎಂದು ಯಾರೂ ವಿಚಾರಿಸುವುದಿಲ್ಲ.

ಈ ವಿಚಾರವನ್ನು ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ. ಕೆಮ್ಮು ಜ್ವರಗಳಲ್ಲಿ ಪ್ರತಿಜೀವಕ ಔಷಧವು ಯಾವಾಗ ಬೇಕು, ಯಾವಾಗ ಬೇಡ? ಇದನ್ನು ತಿಳಿಯಲು ರಕ್ತದಲ್ಲಿರುವ ಕೆಲವು ವಸ್ತುಗಳು ವೈದ್ಯರಿಗೆ ಹೇಗೆ ನೆರವಾಗುತ್ತವೆ? ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಎರಡು ಬಗೆಯ ವೈರಿಗಳು

ಉಸಿರಾಟದ ಅಂಗಗಳಿಗೆ ಸೋಂಕು ತಗಲಿಸುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದವು ಎರಡು ಬಗೆ: ವೈರಾಣುಗಳು ಮತ್ತು ಬ್ಯಾಕ್ಟೀರಿಯಗಳು. ಬ್ಯಾಕ್ಟೀರಿಯವು ಒಂದು ಸಂಪೂರ್ಣ ಜೀವಕೋಶ. ಅದಕ್ಕೆ ತನ್ನದೇ ಆದ ಗೋಡೆಯುಂಟು, ಆಹಾರವನ್ನು ಜೀರ್ಣಿಸಿಕೊಳ್ಳುವ ಮತ್ತು ಪ್ರೋಟೀನುಗಳನ್ನು ತಯಾರಿಸುವ ಸಾಧನಗಳುಂಟು. ವೈರಾಣುವಿಗೆ ಇವು ಯಾವುವೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮ ಸಾಧನಗಳಿಂದಲೇ ತನ್ನ ಸಂತತಿಯನ್ನು ಬೆಳೆಸಿಕೊಳ್ಳುತ್ತದೆ.

ಪ್ರತಿಜೀವಕಗಳು ಕೆಲಸ ಮಾಡುವ ರೀತಿಯನ್ನು ನೋಡಿದರೆ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ. ಪೆನಿಸಿಲಿನ್ ಮತ್ತು ಅಮಾಕ್ಸಿಸಿಲಿನ್ ಔಷಧಗಳು ಬ್ಯಾಕ್ಟೀರಿಯವು ತನ್ನ ಗೋಡೆಯನ್ನು ಕಟ್ಟಿಕೊಳ್ಳದಂತೆ ತಡೆಯುತ್ತವೆ. ಅಜಿತ್ರೋಮೈಸಿನ್ ಔಷಧವು ಅದರ ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುತ್ತದೆ. ಗೋಡೆಯೇ ಇಲ್ಲದ, ಸ್ವಂತ ಕಾರ್ಖಾನೆಯೇ ಇಲ್ಲದ ವೈರಾಣುವಿಗೆ ಇವುಗಳಿಂದ ಯಾವ ಬಾಧೆಯೂ ಆಗದು. ಸಾಮಾನ್ಯ ನೆಗಡಿ, ಫ್ಲೂ, ಮಕ್ಕಳ ಬಹುಪಾಲು ಗಂಟಲುಬೇನೆ ಮತ್ತು ಎದೆಯ ಕೆಮ್ಮು ವೈರಾಣುಗಳಿಂದಲೇ ಬರುವಂಥವು. ನ್ಯುಮೋನಿಯವು ಮಾತ್ರ ಹಲವು ವೇಳೆ ಬ್ಯಾಕ್ಟೀರಿಯದಿಂದ ಬರುತ್ತದೆ. ಅಲ್ಲಿ ತಕ್ಕ ಔಷಧವನ್ನು ಕೊಡಲು ತಡಮಾಡಿದರೆ ಪ್ರಾಣಕ್ಕೆ ಸಂಚಕಾರ.

ತೊಡಕು ಇರುವುದು ಇಲ್ಲಿಯೇ. ಹೊರಗಿನಿಂದ ನೋಡುವವರಿಗೆ ಎರಡರ ಲಕ್ಷಣಗಳೂ ಹೆಚ್ಚುಕಡಮೆ ಒಂದೇ: ಕೆಮ್ಮು, ಕಫ, ಜ್ವರ, ಸುಸ್ತು. ಕಫವು ಹಳದಿ ಅಥವಾ ಹಸುರು ಬಣ್ಣಕ್ಕೆ ತಿರುಗಿದರೆ ಅದು ಬ್ಯಾಕ್ಟೀರಿಯದ ಗುರುತೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಆ ಬಣ್ಣವು ಸೋಂಕಿನೊಡನೆ ಹೋರಾಡಿ ಸತ್ತ ಬಿಳಿಯ ರಕ್ತಕಣಗಳಿಂದ ಬರುತ್ತದೆ. ವೈರಾಣುವಿನ ನೆಗಡಿಯಲ್ಲಿಯೂ ಅದು ಕಾಣಿಸಿಕೊಳ್ಳಬಹುದು.

ಪ್ರತಿಜೀವಕಗಳ ಉಪಕಾರ ಮತ್ತು ಅಪಾಯ

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದರು. 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಿಂದ ಆರಿಯೋಮೈಸಿನ್ ಹೊರಬಂದಿತು. ಆ ಸಂಶೋಧನೆಗೆ ಮೇಲ್ವಿಚಾರಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯು ಸರ್ಕಾರದ ವತಿಯಿಂದ ಸ್ಥಾಪಿತವಾಯಿತು. ನ್ಯುಮೋನಿಯ ಬಂದವರು ಬದುಕಿದರೆ ದೈವಕೃಪೆ ಎನ್ನುತ್ತಿದ್ದ ಕಾಲವು ಹೀಗೆ ಹಿಂದೆ ಸರಿಯಿತು.

ಆದರೆ ಫ್ಲೆಮಿಂಗರು 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗಲೇ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದರು. ತಪ್ಪು ರೀತಿಯಲ್ಲಿ ಅರೆಬರೆಯಾಗಿ ಔಷಧ ಸೇವಿಸಿದರೆ ಸಾಯದೆ ಉಳಿದ ಸೂಕ್ಷ್ಮಜೀವಿಗಳು ಔಷಧಕ್ಕೆ ಮಣಿಯದಂತಾಗುತ್ತವೆ ಎಂಬುದೇ ಆ ಎಚ್ಚರಿಕೆಯ ಸಾರ. ಹಾಗೆಯೇ ಆಗಿದೆ. ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳು ನೇರವಾಗಿ ಕಾರಣವಾದ ಮರಣಗಳು 2019ನೆಯ ಇಸವಿಯೊಂದರಲ್ಲಿಯೇ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಹತ್ತಿಯ ಹೊಲದ ರೈತರು ಬೇಗ ಗ್ರಹಿಸುತ್ತಾರೆ. ಒಂದೇ ಕೀಟನಾಶಕವನ್ನು ಪದೇಪದೇ ಸಿಂಪಡಿಸಿದರೆ ಕೆಲವು ವರ್ಷಗಳಲ್ಲಿ ಹುಳು ಅದಕ್ಕೆ ಬಗ್ಗುವುದಿಲ್ಲ. ಮೊದಲೇ ತಡೆದುಕೊಳ್ಳುವ ಶಕ್ತಿಯಿದ್ದ ಕೆಲವೇ ಹುಳುಗಳು ಉಳಿದು, ಅವುಗಳ ಸಂತತಿಯೇ ಹೊಲವನ್ನೆಲ್ಲ ತುಂಬುತ್ತದೆ. ನಮ್ಮ ಗಂಟಲಿನಲ್ಲಿ, ಕರುಳಿನಲ್ಲಿ ಸದಾ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಗಳ ವಿಷಯವೂ ಹೀಗೆಯೇ. ವೈರಾಣುವಿನ ಕೆಮ್ಮಿಗೆ ಪ್ರತಿಜೀವಕವನ್ನು ನುಂಗಿದರೆ ವೈರಾಣುವಿಗೆ ಏನೂ ಆಗದು. ಕರುಳಿನ ಸಾಧು ಬ್ಯಾಕ್ಟೀರಿಯಗಳು ಸಾಯುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಜೊತೆಗೆ ಭೇದಿ, ವಾಂತಿ, ಮೈಮೇಲೆ ದದ್ದು ಮೊದಲಾದ ತೊಂದರೆಗಳೂ ಉಂಟು. ಇಂದು ಬೇಡದ ಕಡೆ ಖರ್ಚಾದ ಔಷಧವು ನಾಳೆ ನಿಜವಾದ ನ್ಯುಮೋನಿಯ ಬಂದಾಗ ಅದೇ ಮಗುವಿಗೆ ಕೆಲಸಕ್ಕೆ ಬಾರದೆ ಹೋಗಬಹುದು.

ರಕ್ತವು ಹೇಳುವ ಸುದ್ದಿ

ಸೋಂಕು ತಗಲಿದೊಡನೆ ದೇಹವು ಸುಮ್ಮನೆ ಕೂಡುವುದಿಲ್ಲ. ಅದರ ಪ್ರತಿಕ್ರಿಯೆಯ ಗುರುತುಗಳು ರಕ್ತದಲ್ಲಿ ಮೂಡುತ್ತವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ.

ಮೊದಲನೆಯದು ಬಿಳಿಯ ರಕ್ತಕಣಗಳ ಎಣಿಕೆ. ಆರೋಗ್ಯವಂತರಾದ ವಯಸ್ಕರಲ್ಲಿ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಇವು ಸುಮಾರು 4,000ದಿಂದ 11,000ದವರೆಗೆ ಇರುತ್ತವೆ. ಬ್ಯಾಕ್ಟೀರಿಯದ ಸೋಂಕಿನಲ್ಲಿ ಇವು, ವಿಶೇಷವಾಗಿ ನ್ಯೂಟ್ರೋಫಿಲ್ ಎಂಬ ಜಾತಿಯವು, ಸಾಮಾನ್ಯವಾಗಿ ಹೆಚ್ಚುತ್ತವೆ. ಎರಡನೆಯದು 'ಇ.ಎಸ್.ಆರ್.' ಎಂದು ಹೆಸರಾದ ಪರೀಕ್ಷೆ. ನಿಂತ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬುದನ್ನು ಇದರಿಂದ ಅಳೆಯುತ್ತಾರೆ. ಇದು ಹಳೆಯದೂ ಅಗ್ಗದ್ದೂ ಆದ ಪರೀಕ್ಷೆ. ಆದರೆ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಎರಡು ಮೂರು ದಿನಗಳ ಕೆಮ್ಮಿನ ನಿರ್ಣಯಕ್ಕೆ ಇದರ ಉಪಯೋಗ ಸ್ವಲ್ಪವೇ.

ಮೂರನೆಯದು 'ಸಿ-ರಿಯಾಕ್ಟಿವ್ ಪ್ರೋಟೀನ್', ಅಂದರೆ ಪ್ರಯೋಗಶಾಲೆಯ ಚೀಟಿಯಲ್ಲಿ 'ಸಿ.ಆರ್.ಪಿ.' ಎಂದು ಬರೆಯುವ ವಸ್ತು. ಇದರ ಇತಿಹಾಸವು ನ್ಯುಮೋನಿಯದೊಂದಿಗೇ ಆರಂಭವಾಗುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವೈದ್ಯರು ನ್ಯುಮೋನಿಯ ರೋಗಿಗಳ ರಕ್ತರಸವನ್ನು ಪರೀಕ್ಷಿಸುತ್ತಿದ್ದರು. ನ್ಯುಮೋಕಾಕಸ್ ಬ್ಯಾಕ್ಟೀರಿಯದಿಂದ ಬೇರ್ಪಡಿಸಿದ 'ಸಿ' ಎಂಬ ಭಾಗವನ್ನು ರೋಗಿಗಳ ರಕ್ತರಸಕ್ಕೆ ಸೇರಿಸಿದಾಗ ಅದು ಗರಟುಗಟ್ಟಿತು. ರೋಗಿಯು ಗುಣಹೊಂದಿದ ಮೇಲೆ ತೆಗೆದ ರಕ್ತರಸದಲ್ಲಿ ಹಾಗಾಗಲಿಲ್ಲ. 'ಸಿ'ಯೊಡನೆ ಪ್ರತಿಕ್ರಿಯೆ ತೋರುವ ಪ್ರೋಟೀನೆಂದು ಅದಕ್ಕೆ ಹೆಸರಾಯಿತು. ಈ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುತ್ತದೆ. ಸೋಂಕು ಆರಂಭವಾದ ಆರೆಂಟು ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಗಳಲ್ಲಿ ತುದಿಯನ್ನು ಮುಟ್ಟುತ್ತದೆ. ಆರೋಗ್ಯವಂತರ ಒಂದು ಲೀಟರು ರಕ್ತರಸದಲ್ಲಿ ಇದು ಸಾಮಾನ್ಯವಾಗಿ 10 ಮಿಲಿಗ್ರಾಮಿಗಿಂತ ಕಡಮೆ. ತೀವ್ರ ನ್ಯುಮೋನಿಯದಲ್ಲಿ 100ನ್ನು, 200ನ್ನು ದಾಟಬಹುದು.

ನಾಲ್ಕನೆಯದು ಪ್ರೊಕ್ಯಾಲ್ಸಿಟೋನಿನ್. ಕ್ಯಾಲ್ಸಿಟೋನಿನ್ ಎಂಬ ರಸವು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದರ ಪೂರ್ವರೂಪವೇ ಪ್ರೊಕ್ಯಾಲ್ಸಿಟೋನಿನ್. ಆರೋಗ್ಯವಾಗಿರುವಾಗ ಇದು ರಕ್ತದಲ್ಲಿ ಅತ್ಯಲ್ಪ. ಬ್ಯಾಕ್ಟೀರಿಯದ ಗಂಭೀರ ಸೋಂಕಿನಲ್ಲಿ ಥೈರಾಯ್ಡ್ ಮಾತ್ರವಲ್ಲದೆ ದೇಹದ ಇತರ ಅನೇಕ ಅಂಗಾಂಶಗಳೂ ಇದನ್ನು ಉತ್ಪತ್ತಿ ಮಾಡುತ್ತವೆ. ವೈರಾಣುವಿನ ಸೋಂಕಿನಲ್ಲಿಯಾದರೋ ದೇಹವು ಹೊರಸೂಸುವ ಇಂಟರ್‌ಫೆರಾನ್ ಎಂಬ ವಸ್ತುವು ಈ ಉತ್ಪತ್ತಿಯನ್ನು ತಗ್ಗಿಸುತ್ತದೆ. ಗಂಭೀರ ಸೋಂಕುಳ್ಳ ರೋಗಿಗಳಲ್ಲಿ ಇದು ಹೆಚ್ಚಾಗುವುದೆಂದು ಫ್ರಾನ್ಸಿನ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಇದನ್ನು ಲೀಟರಿಗೆ ಮೈಕ್ರೋಗ್ರಾಮುಗಳಲ್ಲಿ ಅಳೆಯುತ್ತಾರೆ. ಉಸಿರಾಟದ ಸೋಂಕಿನ ಪ್ರಯೋಗಗಳಲ್ಲಿ 0.25ಕ್ಕಿಂತ ಕಡಮೆಯಿದ್ದರೆ ಪ್ರತಿಜೀವಕ ಬೇಡವೆಂದೂ, 0.1ಕ್ಕಿಂತಲೂ ಕಡಮೆಯಿದ್ದರೆ ಖಂಡಿತ ಬೇಡವೆಂದೂ, 0.25ನ್ನು ದಾಟಿದರೆ ಕೊಡಬಹುದೆಂದೂ, 0.5ನ್ನು ದಾಟಿದರೆ ಅವಶ್ಯವಾಗಿ ಕೊಡಬೇಕೆಂದೂ ಸಲಹೆ ಮಾಡಲಾಗಿತ್ತು.

ಜೂರಾಲದಿಂದ ಒಂದು ದೃಷ್ಟಾಂತ

ಅಂಕಿ ಒಂದರಿಂದಲೇ ನಿರ್ಣಯ ಏಕೆ ಸಾಲದು ಎಂಬುದಕ್ಕೆ ನಮ್ಮ ಜಲಾಶಯವೇ ಪಾಠ ಹೇಳುತ್ತದೆ. ಪ್ರಿಯದರ್ಶಿನಿ ಜೂರಾಲ ಜಲಾಶಯದ ಪೂರ್ಣ ಮಟ್ಟ 1,045 ಅಡಿ. ನೀರು ಇಂದು 1,040 ಅಡಿಯಿದೆ ಎಂದು ಮಾತ್ರ ಹೇಳಿದರೆ ಗೇಟುಗಳನ್ನು ಎತ್ತಬೇಕೋ ಬೇಡವೋ ಎಂದು ಇಂಜಿನಿಯರರು ತೀರ್ಮಾನಿಸಲಾರರು. ನೀರು ಏರುತ್ತಿದೆಯೆ, ಇಳಿಯುತ್ತಿದೆಯೆ? ಮೇಲಿನ ನಾರಾಯಣಪುರದಿಂದ ಎಷ್ಟು ನೀರು ಬಿಟ್ಟಿದ್ದಾರೆ? ಭೀಮಾ ನದಿಯಲ್ಲಿ ಪ್ರವಾಹವುಂಟೆ? ಇಷ್ಟನ್ನೂ ವಿಚಾರಿಸಿದ ಮೇಲೆಯೇ ಗೇಟಿನ ಮಾತು. ಮೋಡ ಕವಿಯಿತೆಂದು ಗೇಟು ಎತ್ತಿದರೆ ಬೇಸಿಗೆಗೆ ನೀರಿರದು. ಪ್ರವಾಹ ಬಂದರೂ ಎತ್ತದಿದ್ದರೆ ಅನಾಹುತ.

ರಕ್ತದ ಅಂಕಿಯೂ ಹಾಗೆಯೇ. ಜ್ವರ ಬಂದ ಮೂರನೆಯ ಗಂಟೆಯಲ್ಲಿ ರಕ್ತ ತೆಗೆದರೆ ಸಿ.ಆರ್.ಪಿ. ಇನ್ನೂ ಏರಿರುವುದೇ ಇಲ್ಲ. ಆ ಕಡಮೆ ಅಂಕಿಯು ಸುಳ್ಳು ಧೈರ್ಯವನ್ನು ಕೊಡುತ್ತದೆ. ಮರುದಿನ ಮತ್ತೊಮ್ಮೆ ನೋಡಿದರೆ ಏರಿಕೆಯೋ ಇಳಿತವೋ ಸ್ಪಷ್ಟವಾಗುತ್ತದೆ. ರೋಗಿಯ ಉಸಿರು, ನಾಡಿ, ಎದೆಯ ಶಬ್ದ, ಮುಖದ ಕಳೆ ಇವೆಲ್ಲ ಮೇಲಿನಿಂದ ಬರುವ ನೀರಿನ ಸುದ್ದಿಯಂತೆ. ಅವನ್ನು ಬಿಟ್ಟು ಚೀಟಿಯ ಅಂಕಿಯನ್ನು ಮಾತ್ರ ನೋಡುವ ವೈದ್ಯರಿಲ್ಲ, ಇರಲೂಬಾರದು.

ಇಳಿತದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಯಕೃತ್ತು ಹೊಸದಾಗಿ ತಯಾರಿಸುವುದನ್ನು ನಿಲ್ಲಿಸಿದರೆ ರಕ್ತದಲ್ಲಿರುವ ಸಿ.ಆರ್.ಪಿ. ಸುಮಾರು 19 ಗಂಟೆಗಳಿಗೊಮ್ಮೆ ಅರ್ಧವಾಗುತ್ತದೆ. ಈಗ 160 ಇದ್ದರೆ 19 ಗಂಟೆಗಳ ಮೇಲೆ 80, 38 ಗಂಟೆಗಳ ಮೇಲೆ 40, 57 ಗಂಟೆಗಳ ಮೇಲೆ 20. ರೋಗವು ಪೂರ್ತಿ ಶಮನವಾಗುವವರೆಗೆ ಯಕೃತ್ತು ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುವುದರಿಂದ ನಿಜವಾದ ಇಳಿತವು ಇದಕ್ಕಿಂತ ನಿಧಾನ. ಪ್ರೊಕ್ಯಾಲ್ಸಿಟೋನಿನ್ ಅರ್ಧವಾಗಲು ಸುಮಾರು ಒಂದು ದಿನ ಬೇಕು. ಇದು ತುದಿಯ ಮಟ್ಟದಿಂದ ನೂರಕ್ಕೆ 80ರಷ್ಟು ಇಳಿದರೆ ಪ್ರತಿಜೀವಕವನ್ನು ನಿಲ್ಲಿಸುವ ವಿಚಾರ ಮಾಡಬಹುದೆಂದು ದೊಡ್ಡ ಆಸ್ಪತ್ರೆಗಳಲ್ಲಿ ಪರಿಗಣಿಸುತ್ತಾರೆ. ಹೀಗೆ, ಔಷಧವನ್ನು ಆರಂಭಿಸಲು ಮಾತ್ರವಲ್ಲ, ನಿಲ್ಲಿಸಲು ಕೂಡ ಈ ಗುರುತುಗಳು ನೆರವಾಗುತ್ತವೆ.

ಪ್ರಯೋಗಗಳು ಏನು ಹೇಳಿದವು?

ಒಂದು ಪರೀಕ್ಷೆಯು ಉಪಯುಕ್ತವೆಂದು ಊಹಿಸಿದರೆ ಸಾಲದು. ಕೆಲವು ರೋಗಿಗಳಿಗೆ ಪರೀಕ್ಷೆ ಮಾಡಿ, ಕೆಲವರಿಗೆ ಮಾಡದೆ, ಎರಡು ಗುಂಪುಗಳನ್ನು ಹೋಲಿಸಿ ನೋಡಬೇಕು.

ನೆದರ್ಲೆಂಡ್ಸ್ ದೇಶದಲ್ಲಿ 40 ಮಂದಿ ಕುಟುಂಬ ವೈದ್ಯರು ಎದೆಯ ಸೋಂಕಿನ 431 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲವು 2009ರಲ್ಲಿ ಪ್ರಕಟವಾಯಿತು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಅಲ್ಲಿಯೇ ಸಿ.ಆರ್.ಪಿ. ನೋಡಿದ ವೈದ್ಯರು ನೂರಕ್ಕೆ 31 ಮಂದಿಗೆ ಪ್ರತಿಜೀವಕವನ್ನು ಬರೆದುಕೊಟ್ಟರು. ನೋಡದವರು 53 ಮಂದಿಗೆ ಬರೆದರು. ರೋಗಿಗಳು ಗುಣಹೊಂದುವುದರಲ್ಲಿ ವ್ಯತ್ಯಾಸವಿರಲಿಲ್ಲ. ಇದೇ ಪ್ರಯೋಗದ ಇನ್ನೊಂದು ಭಾಗವು ಇನ್ನೂ ಸ್ವಾರಸ್ಯವಾದುದು. ರೋಗಿಯ ಕಳವಳವೇನೆಂದು ಕೇಳಿ, ಕೆಮ್ಮು ಎಷ್ಟು ದಿನ ಇರಬಹುದೆಂದು ವಿವರಿಸಿ ಹೇಳುವ ತರಬೇತಿಯನ್ನು ಕೆಲವು ವೈದ್ಯರಿಗೆ ಕೊಟ್ಟಿದ್ದರು. ಅವರು ನೂರಕ್ಕೆ 27 ಮಂದಿಗೆ ಮಾತ್ರ ಔಷಧ ಬರೆದರು. ತರಬೇತಿಯಿಲ್ಲದವರು 54 ಮಂದಿಗೆ ಬರೆದರು. ಯಂತ್ರವು ಮಾಡಿದಷ್ಟು ಕೆಲಸವನ್ನು ಒಳ್ಳೆಯ ಮಾತೂ ಮಾಡಿತೆಂಬುದು ನಮಗೆ ಮನನೀಯವಾದ ಸಂಗತಿ.

ಆದರೆ ನೆದರ್ಲೆಂಡ್ಸ್ ಶ್ರೀಮಂತ ದೇಶ. ನಮ್ಮ ಸ್ಥಿತಿಗೆ ಹತ್ತಿರವಾದುದು ವಿಯೆಟ್ನಾಮಿನ ಪ್ರಯೋಗ. ಅಲ್ಲಿಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳು, ವಯಸ್ಕರು ಸೇರಿ 2,037 ರೋಗಿಗಳನ್ನು ಪರಿಶೀಲಿಸಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ವಾರಗಳೊಳಗೆ ಪ್ರತಿಜೀವಕ ಸೇವಿಸಿದವರು ಪರೀಕ್ಷೆಯಿಲ್ಲದ ಗುಂಪಿನಲ್ಲಿ ನೂರಕ್ಕೆ 78, ಪರೀಕ್ಷೆಯ ಗುಂಪಿನಲ್ಲಿ 64. ಇಳಿಕೆಯಾದುದು ನಿಜ; ಆದರೂ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಔಷಧವನ್ನು ಸೇವಿಸಿಯೇ ಬಿಟ್ಟರೆಂಬುದನ್ನೂ ಮರೆಯಬಾರದು.

ಬಹುಕಾಲ ಬೀಡಿ ಸೇದಿದವರಿಗೂ, ಒಲೆಯ ಹೊಗೆಯಲ್ಲಿ ಬಹುಕಾಲ ಅಡಿಗೆ ಮಾಡಿದ ತಾಯಂದಿರಿಗೂ ಬರುವ ದೀರ್ಘಕಾಲದ ಉಬ್ಬಸ ರೋಗವೊಂದುಂಟು. ವೈದ್ಯರು ಇದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಇದು ಒಮ್ಮೊಮ್ಮೆ ಉಲ್ಬಣಿಸಿದಾಗ ಪ್ರತಿಜೀವಕ ಬೇಕೇ ಬೇಡವೇ ಎಂಬುದು ಕಠಿಣ ಪ್ರಶ್ನೆ. ಬ್ರಿಟನ್ನಿನಲ್ಲಿ ಇಂಥ 653 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿ.ಆರ್.ಪಿ. ನೋಡಿದ ಗುಂಪಿನಲ್ಲಿ ನೂರಕ್ಕೆ 57, ನೋಡದ ಗುಂಪಿನಲ್ಲಿ 77 ಮಂದಿ ಪ್ರತಿಜೀವಕವನ್ನು ಸೇವಿಸಿದರು. ಕಡಮೆ ಸೇವಿಸಿದ ಗುಂಪಿಗೆ ಹಾನಿಯೇನೂ ಕಂಡುಬರಲಿಲ್ಲ.

ಪ್ರೊಕ್ಯಾಲ್ಸಿಟೋನಿನ್ನಿನ ವಿಷಯದಲ್ಲಿ ಫಲಗಳು ಮಿಶ್ರವಾಗಿವೆ. ಉಸಿರಾಟದ ಸೋಂಕಿನ 6,708 ರೋಗಿಗಳನ್ನೊಳಗೊಂಡ 26 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಲೆಕ್ಕಹಾಕಿದಾಗ, ಪ್ರತಿಜೀವಕ ಸೇವನೆಯ ಅವಧಿಯು ಸರಾಸರಿ 8.1 ದಿನಗಳಿಂದ 5.7 ದಿನಗಳಿಗೆ ಇಳಿದಿತ್ತು. ಮರಣಗಳೂ ಸ್ವಲ್ಪ ಕಡಮೆಯಾಗಿದ್ದವು. ಅದೇ ವರ್ಷ ಅಮೆರಿಕದ 14 ಆಸ್ಪತ್ರೆಗಳಲ್ಲಿ 1,656 ರೋಗಿಗಳ ಮೇಲೆ ನಡೆದ ಪ್ರಯೋಗವು ಪ್ರಕಟವಾಯಿತು. ಅಲ್ಲಿ ಎರಡು ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ. ಆ ಆಸ್ಪತ್ರೆಗಳ ವೈದ್ಯರು ಪರೀಕ್ಷೆಯ ಸಲಹೆಯನ್ನು ಎಲ್ಲ ಸಲವೂ ಅನುಸರಿಸಲಿಲ್ಲ. ರೋಗ ಹಗುರವಾಗಿದ್ದವರಿಗೆ ಪರೀಕ್ಷೆಯಿಲ್ಲದೆಯೂ ಹಲವು ವೇಳೆ ಔಷಧವನ್ನು ಕೊಡದೆ ಇದ್ದರು. ಮೊದಲೇ ಮಿತವಾಗಿ ಔಷಧ ಕೊಡುವ ಕಡೆ ಪರೀಕ್ಷೆಯಿಂದ ಆಗುವ ಲಾಭ ಸ್ವಲ್ಪ. ಧಾರಾಳವಾಗಿ ಕೊಡುವ ಕಡೆ ಲಾಭ ಹೆಚ್ಚು ಎಂದು ನಾವು ಇದರಿಂದ ಗ್ರಹಿಸಬಹುದು.

ಪರೀಕ್ಷೆಯ ಮಿತಿಗಳು

ಕೋವಿಡ್ ಮಾರಿಯ 2020 ಮತ್ತು 2021ರ ದಿನಗಳಲ್ಲಿ ಸಿ.ಆರ್.ಪಿ. ಎಂಬ ಹೆಸರು ಹಳ್ಳಿಹಳ್ಳಿಗೂ ಪರಿಚಯವಾಯಿತು. ಆ ರೋಗವು ವೈರಾಣುವಿನದು. ಆದರೂ ರೋಗ ಬಿಗಿಯಾದವರಲ್ಲಿ ಸಿ.ಆರ್.ಪಿ. ಬಹಳ ಏರುತ್ತಿತ್ತು. ಇದರಿಂದ ತಿಳಿಯುವುದೇನೆಂದರೆ, ಸಿ.ಆರ್.ಪಿ. ಏರಿದೆಯೆಂದ ಮಾತ್ರಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ಹೇಳಲಾಗದು. ಕೀಲುವಾತ, ದೊಡ್ಡ ಗಾಯ, ಶಸ್ತ್ರಚಿಕಿತ್ಸೆ, ಕ್ಷಯ ಇವುಗಳಲ್ಲಿಯೂ ಅದು ಏರುತ್ತದೆ. ಪ್ರೊಕ್ಯಾಲ್ಸಿಟೋನಿನ್ ಕೂಡ ಸುಟ್ಟಗಾಯ, ದೊಡ್ಡ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ರೋಗಗಳಲ್ಲಿ ಸೋಂಕಿಲ್ಲದೆಯೂ ಹೆಚ್ಚಬಹುದು. ಮೈಕೋಪ್ಲಾಸ್ಮದಂಥ ಕೆಲವು ಬ್ಯಾಕ್ಟೀರಿಯಗಳ ನ್ಯುಮೋನಿಯದಲ್ಲಿ ಏರದೆಯೂ ಇರಬಹುದು. ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿನ ದೇಹಕ್ಕೆ ಸೋಂಕಿಗೆ ಉತ್ತರ ಕೊಡುವ ಶಕ್ತಿಯೇ ಕುಗ್ಗಿರುತ್ತದೆ. ಅಂಥ ಮಗುವಿನ ಕಡಮೆ ಅಂಕಿಯನ್ನು ನೋಡಿ ನಿಶ್ಚಿಂತರಾಗಬಾರದು.

ಕ್ಷಯದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಎರಡು ವಾರಗಳಿಗೆ ಮೀರಿದ ಕೆಮ್ಮಿಗೆ ಈ ರಕ್ತಪರೀಕ್ಷೆಗಳು ಉತ್ತರವಲ್ಲ. ಸರ್ಕಾರಿ ದವಾಖಾನೆಯಲ್ಲಿ ಕಫದ ಪರೀಕ್ಷೆಯನ್ನು ಮಾಡಿಸಲೇಬೇಕು. ಕೆಲವು ಪ್ರತಿಜೀವಕಗಳು, ಮುಖ್ಯವಾಗಿ ಲೀವೋಫ್ಲಾಕ್ಸಸಿನ್ ವರ್ಗದವು, ಕ್ಷಯವನ್ನು ತಾತ್ಕಾಲಿಕವಾಗಿ ಅಡಗಿಸಿ ರೋಗನಿರ್ಣಯವನ್ನು ತಡಮಾಡಿಸುತ್ತವೆ. ಅಷ್ಟರಲ್ಲಿ ರೋಗವು ಮನೆಮಂದಿಗೆಲ್ಲ ಹರಡಬಹುದು.

ಅಂಕಿಯನ್ನು ಓದುವಾಗ ಮಾನವನ್ನೂ ಗಮನಿಸಬೇಕು. ಕೆಲವು ಪ್ರಯೋಗಶಾಲೆಗಳು ಸಿ.ಆರ್.ಪಿ.ಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಮ್ ಎಂದೂ, ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುತ್ತವೆ. ಹತ್ತು ಡೆಸಿಲೀಟರು ಸೇರಿ ಒಂದು ಲೀಟರು. ಆದುದರಿಂದ ಡೆಸಿಲೀಟರಿಗೆ 6 ಎಂದರೆ ಲೀಟರಿಗೆ 60. ಮಾನವನ್ನು ನೋಡದೆ, "ಆರೇ ಇದೆ" ಎಂದು ಸಮಾಧಾನಪಟ್ಟರೆ ಮೋಸಹೋದಂತೆ.

ಯಂತ್ರವಿಲ್ಲದ ಊರಿನಲ್ಲಿ

ನಾರಾಯಣಪೇಟ, ಮಕ್ತಲ, ಗದ್ವಾಲಗಳಂಥ ಪಟ್ಟಣಗಳ ಮಾತು ಬೇರೆ. ಹೊಳೆದಂಡೆಯ ಸಣ್ಣ ಹಳ್ಳಿಯಲ್ಲಿ ರಾತ್ರಿ ಮಗುವಿಗೆ ಜ್ವರ ಬಂದರೆ ಯಾವ ಯಂತ್ರವೂ ಕೈಗೆ ಸಿಗದು. ಆದರೆ ಗಡಿಯಾರವೊಂದು ಎಲ್ಲರ ಮನೆಯಲ್ಲಿಯೂ ಉಂಟು. ಮಗು ಅಳದೆ ಶಾಂತವಾಗಿರುವಾಗ ಅದರ ಅಂಗಿಯನ್ನು ಮೇಲೆತ್ತಿ, ಎದೆ ಹೊಟ್ಟೆಗಳ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ, ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರುಗಳಿದ್ದರೆ ಅದು ವೇಗದ ಉಸಿರು. ಕೆಮ್ಮಿನ ಜೊತೆಗೆ ವೇಗದ ಉಸಿರಿದ್ದರೆ ನ್ಯುಮೋನಿಯದ ಶಂಕೆಯಿಂದ ದವಾಖಾನೆಗೆ ಒಯ್ಯಬೇಕು.

ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದುವುದು, ತುಟಿ ನೀಲಿಯಾಗುವುದು, ಹಾಲು ನೀರು ಕುಡಿಯಲಾರದಿರುವುದು, ಕುಡಿದುದನ್ನೆಲ್ಲ ಕಾರುವುದು, ಅಪಸ್ಮಾರದಂತೆ ಕೈಕಾಲು ಸೆಟೆಯುವುದು, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಒಂದಾದರೂ ಕಂಡರೆ ಬೆಳಗಾಗುವವರೆಗೆ ಕಾಯಬಾರದು, ತಕ್ಷಣ 108ಕ್ಕೆ ಕರೆಮಾಡಿ ದೊಡ್ಡ ದವಾಖಾನೆಗೆ ಹೊರಡಬೇಕು. ಅಂಥ ವೇಳೆಯಲ್ಲಿ ರಕ್ತಪರೀಕ್ಷೆಯ ಫಲಕ್ಕಾಗಿ ಕಾಯದೆ ವೈದ್ಯರು ಔಷಧವನ್ನು ಆರಂಭಿಸುತ್ತಾರೆ, ಅದೇ ಸರಿ. ಪ್ರತಿಜೀವಕವನ್ನು ಮಿತವಾಗಿ ಬಳಸಬೇಕೆಂದರೆ ಬೇಕಾದವರಿಗೆ ತಪ್ಪಿಸಬೇಕೆಂದು ಅರ್ಥವಲ್ಲ.

ಈ ಯಾವ ಲಕ್ಷಣವೂ ಇಲ್ಲದೆ, ಮಗು ಆಡುತ್ತ ಉಣ್ಣುತ್ತ ಇದ್ದು ಬರಿಯ ಕೆಮ್ಮಿದ್ದರೆ ತಾಳ್ಮೆಯೇ ಔಷಧ. ಇಂಥ ಕೆಮ್ಮು ವಾರದಲ್ಲಿ ಹೋಗಬೇಕೆಂದು ನಾವೆಲ್ಲರೂ ನಿರೀಕ್ಷಿಸುತ್ತೇವೆ. ಆದರೆ ವಯಸ್ಕರ ಸಾಮಾನ್ಯ ಕೆಮ್ಮಿನ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ ಅದರ ಸರಾಸರಿ ಅವಧಿ ಸುಮಾರು 18 ದಿನಗಳೆಂದು ಕಂಡುಬಂದಿತು. ಏಳನೆಯ ದಿನ ಕೆಮ್ಮು ನಿಲ್ಲಲಿಲ್ಲವೆಂದು ಗುಳಿಗೆ ಬದಲಿಸುವವರು ಈ ಅಂಕಿಯನ್ನು ನೆನಪಿನಲ್ಲಿಡಬೇಕು. ಬೆಚ್ಚಗಿನ ನೀರು, ಗಂಜಿ, ವಿಶ್ರಾಂತಿ ಇವು ಸಾಕು. ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಒಂದು ಚಮಚ ಜೇನು ಕೊಡಬಹುದು. ಅದಕ್ಕಿಂತ ಚಿಕ್ಕ ಕೂಸಿಗೆ ಜೇನು ಕೂಡದು. ಹತ್ತಿಯ ಅರಳೆ, ಭತ್ತದ ಹೊಟ್ಟಿನ ಧೂಳು, ಒಣಮೆಣಸಿನಕಾಯಿಯ ಘಾಟು, ಒಲೆಯ ಹೊಗೆ ಇವುಗಳಿಂದ ಬರುವ ಕೆಮ್ಮಿಗಂತೂ ಸೂಕ್ಷ್ಮಜೀವಿಯೇ ಕಾರಣವಲ್ಲ. ಧೂಳಿನಿಂದ ದೂರವಿರುವುದೇ ಅಲ್ಲಿ ಚಿಕಿತ್ಸೆ.

ತಂದೆತಾಯಿಗಳಲ್ಲಿ ವಿಜ್ಞಾಪನೆ

ಗದ್ವಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದಿತು. ಗಡಿ ಬದಲಾದರೂ ಜನರ ನಡೆ ಬದಲಾಗಿಲ್ಲ. ನಮ್ಮವರು ಇಂದಿಗೂ ಒಂದು ದಿನ ಮಹಬೂಬನಗರದ ದವಾಖಾನೆಗೆ, ಇನ್ನೊಂದು ದಿನ ರಾಯಚೂರಿನ ದವಾಖಾನೆಗೆ ಹೋಗುತ್ತಾರೆ. ಹೀಗೆ ಹೋಗುವಾಗ ಹಿಂದಿನ ಚೀಟಿಗಳು ಮನೆಯಲ್ಲಿಯೇ ಉಳಿಯುತ್ತವೆ; ಹೊಸ ವೈದ್ಯರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಪರೀಕ್ಷೆಯ ಚೀಟಿ, ಔಷಧದ ಚೀಟಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡಬೇಕು. ಜ್ವರ ಆರಂಭವಾದ ದಿನ ಮತ್ತು ಹೊತ್ತು, ರಕ್ತ ತೆಗೆದ ಹೊತ್ತು, ಅದಕ್ಕೆ ಮುಂಚೆ ನುಂಗಿದ ಗುಳಿಗೆಯ ಹೆಸರು ಇವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಈ ಬರವಣಿಗೆಯ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳೇ ಮಾಡಬಹುದು.

ಔಷಧದ ಹಾಳೆಯ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದ ಔಷಧ. ಈ ಗುರುತನ್ನು ಕುರಿತು ಕೇಂದ್ರ ಸರ್ಕಾರವು 2016ರಲ್ಲಿ ದೇಶದಾದ್ಯಂತ ಪ್ರಚಾರವನ್ನು ಆರಂಭಿಸಿತು. 2014ರಿಂದ ಜಾರಿಯಲ್ಲಿರುವ ನಿಯಮದಂತೆ ಕೆಲವು ಪ್ರಬಲ ಪ್ರತಿಜೀವಕಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ವೈದ್ಯರು ಪ್ರತಿಜೀವಕವನ್ನು ಬರೆದರೆ ಅವರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು. ಉಳಿದುದನ್ನು ನೆರೆಮನೆಯ ಮಗುವಿಗೆ ಕೊಡಬಾರದು. ವೈದ್ಯರು ಬರೆಯದಿದ್ದರೆ, "ಈ ಡಾಕ್ಟರಿಗೆ ಏನೂ ತಿಳಿಯದು" ಎಂದು ಬೇರೊಬ್ಬರ ಬಳಿಗೆ ಓಡಬಾರದು. "ಇದು ವೈರಾಣುವಿನದೋ, ಬ್ಯಾಕ್ಟೀರಿಯದ್ದೋ? ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು?" ಎಂದು ಕೇಳಿ ತಿಳಿದುಕೊಂಡು ಬರುವುದು ಉತ್ತಮ. ಹಾಗೆಯೇ ಮಕ್ಕಳಿಗೆ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ನ್ಯುಮೋಕಾಕಸ್ಸಿನ ಲಸಿಕೆಯು 2021ರಿಂದ ದೇಶದ ಎಲ್ಲ ಕಡೆಯೂ ಸರ್ಕಾರದ ವತಿಯಿಂದ ಕೂಸುಗಳಿಗೆ ಉಚಿತವಾಗಿ ದೊರೆಯುತ್ತಿದೆ. ಬಾರದ ರೋಗಕ್ಕೆ ಪರೀಕ್ಷೆಯೂ ಬೇಡ, ಗುಳಿಗೆಯೂ ಬೇಡ.

ಊರ ಕೆರೆಯ ನೀರು ಒಬ್ಬರ ಸ್ವತ್ತಲ್ಲ; ಒಬ್ಬರು ಪೋಲು ಮಾಡಿದರೆ ಊರಿಗೆಲ್ಲ ಬಾಧೆ. ಪ್ರತಿಜೀವಕಗಳ ಶಕ್ತಿಯೂ ಅಂಥದೇ ಸಾಮಾನ್ಯ ಸ್ವತ್ತು. ರಕ್ತದ ಗುರುತುಗಳು ಅದನ್ನು ಕಾಪಾಡಲು ದೊರೆತ ಒಂದು ಅಳತೆಗೋಲು. ವೈದ್ಯರ ವಿವೇಕಕ್ಕೂ ತಾಯಿಯ ಎಚ್ಚರಕ್ಕೂ ಅವು ನೆರವಾಗಬಲ್ಲವು, ಅವುಗಳ ಬದಲಾಗಿ ನಿಲ್ಲಲಾರವು. ಈ ವಿಷಯವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಓದಿ ಹೇಳಿ, ಓದಲು ಬಾರದ ಹಿರಿಯರಿಗೂ ತಿಳಿಸಿಕೊಡಬೇಕೆಂದು ಕೋರುತ್ತೇವೆ.

ಅಭ್ಯಾಸ

1. ಪೆನಿಸಿಲಿನ್ ವೈರಾಣುವನ್ನು ಏಕೆ ಕೊಲ್ಲಲಾರದು? ಎರಡು ವಾಕ್ಯಗಳಲ್ಲಿ ಬರೆಯಿರಿ.

2. ಒಬ್ಬ ರೋಗಿಯ ಸಿ.ಆರ್.ಪಿ. ಡೆಸಿಲೀಟರಿಗೆ 9.6 ಮಿಲಿಗ್ರಾಮ್ ಇದೆ. ಲೀಟರಿಗೆ ಎಷ್ಟು? ಯಕೃತ್ತು ಹೊಸದಾಗಿ ತಯಾರಿಸದಿದ್ದರೆ 57 ಗಂಟೆಗಳ ಮೇಲೆ ಎಷ್ಟಿರುತ್ತದೆ?

3. ಜ್ವರ ಬಂದ ಮೂರೇ ಗಂಟೆಗಳಲ್ಲಿ ಮಾಡಿದ ಪರೀಕ್ಷೆಯನ್ನು ಏಕೆ ನಂಬಬಾರದು?

4. ನಿಮ್ಮ ಮನೆಯ ಐದು ವರ್ಷದೊಳಗಿನ ಮಗುವಿನ ಉಸಿರನ್ನು, ಅದು ಮಲಗಿರುವಾಗ, ಒಂದು ನಿಮಿಷ ಎಣಿಸಿ ಬರೆಯಿರಿ. ಆರೋಗ್ಯವಾಗಿರುವಾಗಿನ ಎಣಿಕೆ ತಿಳಿದಿದ್ದರೆ ಕಾಯಿಲೆಯ ಎಣಿಕೆ ಬೇಗ ಗುರುತಿಗೆ ಬರುತ್ತದೆ.